ವಿಂಡ್ಸರ್ ಇವಿ: ಬ್ಯಾಟರಿ ಬಾಡಿಗೆಗೆ ತಗೊಳ್ಳೋಕೆ ಮುಂಚೆ ಲೆಕ್ಕ ಹಾಕಿ

ಈಗ ಬೆಂಗಳೂರಲ್ಲಿ ಯಾವ ಸಿಗ್ನಲ್‌ನಲ್ಲಿ ನಿಂತ್ರೂ ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಕಾರು (ಇವಿ) ಒಂದಾದ್ರೂ ಇರತ್ತೆ, ಅದ್ರಲ್ಲೂ ಎಂಜಿ ವಿಂಡ್ಸರ್ ಜಾಸ್ತಿ ಕಾಣ್ಸತ್ತೆ. ನಮ್ಮನೇಲೂ ಅದೇ ಇದೆ, ಕೇಳೋರು ಜಾಸ್ತಿ ಆದ್ರು ಅಂತ ಬರೀತಿದೀನಿ.

2001ರಲ್ಲೇ ರೇವಾ ಅನ್ನೋ ಪುಟ್ಟ ಎಲೆಕ್ಟ್ರಿಕ್ ಕಾರು ಮಾಡಿದ ಊರು ನಮ್ದು, ಆದ್ರೆ ದೇಶದಲ್ಲಿ ಜನ ಧೈರ್ಯವಾಗಿ ಇವಿ ಕಾರು ತಗೊಳ್ಳೋಕೆ ಶುರು ಮಾಡಿದ್ದು 2020ರಲ್ಲಿ ಟಾಟಾ ನೆಕ್ಸಾನ್ ಇವಿ ಬಂದ್ಮೇಲೆ. ಆಮೇಲೆ ಕೆಲವು ವರ್ಷ ಟಾಟಾ ಹತ್ರಕ್ಕೂ ಯಾರೂ ಬರ್ಲಿಲ್ಲ. 2024 ಸೆಪ್ಟೆಂಬರಲ್ಲಿ ವಿಂಡ್ಸರ್ ಬಂತು ನೋಡಿ, ಅಕ್ಟೋಬರ್ ಒಂದೇ ತಿಂಗಳಲ್ಲಿ 3 ಸಾವಿರ ದಾಟಿ ದೇಶದಲ್ಲೇ ಜಾಸ್ತಿ ಮಾರಾಟ ಆದ ಇವಿ ಕಾರಾಯ್ತು. ಕಾರಣ ರೇಟು. ಪೂರ್ತಿ ಕಾರಿಗೆ 13.50 ಲಕ್ಷ, ಬ್ಯಾಟರಿ ಬಾಡಿಗೆಗೆ ತಗೊಂಡ್ರೆ 9.99 ಲಕ್ಷ, ಓಡ್ಸಿದ ಕಿಲೋಮೀಟರ್‌ಗೆ 3.5 ರೂಪಾಯಿ. ಇದು ಲಾಂಚ್ ಟೈಮಿನ ಎಕ್ಸ್ ಶೋರೂಮ್ ರೇಟು.

ಬಾಡಿಗೆ ಲೆಕ್ಕ ಸ್ವಲ್ಪ ಕೂತು ನೋಡ್ಬೇಕು. ವ್ಯತ್ಯಾಸ ಮೂರೂವರೆ ಲಕ್ಷ, ಅಂದ್ರೆ 1 ಲಕ್ಷ ಕಿಮೀ ಓಡ್ಸೋ ಹೊತ್ತಿಗೆ ಅಷ್ಟೂ ದುಡ್ಡು ಬಾಡಿಗೇಲೇ ಹೋಗಿರತ್ತೆ. ಸರಿ, ಅಷ್ಟು ದೂರ ಓಡ್ಸೋಕೆ ಸುಮಾರು ವರ್ಷ ಬೇಕು ಅಂತೀರಾ, ಆದ್ರೆ ಲಾಂಚ್ ಟೈಮಿನ ಕೆಲವು ಫೈನಾನ್ಸ್ ಸ್ಕೀಮ್‌ಗಳಲ್ಲಿ ತಿಂಗಳಿಗೆ ಕನಿಷ್ಠ 1500 ಕಿಮೀ ಬಾಡಿಗೆ ಕಟ್ಲೇಬೇಕಿತ್ತು, ಅದು 5250 ರೂಪಾಯಿ, ಕಾರು ಮನೆ ಮುಂದೆ ನಿಂತಿದ್ರೂ ಅಷ್ಟೇ. ಜಯನಗರದಿಂದ ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಹೋಗಿ ಬರೋರು ತಿಂಗಳಿಗೆ 700 ಕಿಮೀ ಓಡ್ಸಿದ್ರೆ ಹೆಚ್ಚು. ಆಗ ಬಾಡಿಗೇನೇ ಕಿಮೀಗೆ 7.5 ರೂಪಾಯಿ ಬೀಳತ್ತೆ, ಕರೆಂಟಿಗೆ ಇನ್ನೊಂದು ರೂಪಾಯಿ. ಪೆಟ್ರೋಲ್ ಕಾರು ಈ ಟ್ರಾಫಿಕ್ಕಲ್ಲಿ ಲೀಟರ್‌ಗೆ 12 ಕಿಮೀ ಕೊಟ್ರೂ ಖರ್ಚು ಹೆಚ್ಚುಕಮ್ಮಿ ಅಷ್ಟೇ ಬರತ್ತೆ. ಹಾಗಾಗಿ ಕಮ್ಮಿ ಓಡ್ಸೋರು ಆದಷ್ಟೂ ಬ್ಯಾಟರಿ ಸಮೇತ ತಗೊಳ್ಳಿ, ಇಲ್ಲಾ ಕನಿಷ್ಠ ಕಿಮೀ ಷರತ್ತು ಇಲ್ಲದಿರೋ ಸ್ಕೀಮ್ ಕೇಳಿ, ಅಗ್ರಿಮೆಂಟ್ ಪೂರ್ತಿ ಓದಿ.

ಕಾರು ಮಾತ್ರ ನಂಗೆ ತುಂಬಾ ಇಷ್ಟ ಆಗಿದೆ. ನಮ್ಮತ್ತೆಗೆ ಮಂಡಿ ನೋವು, ಕಾರಂದ್ರೆ ಬೇಡಪ್ಪಾ ಅಂತಿದ್ರು, ಇದ್ರಲ್ಲಿ ಸೀಟು ಎತ್ತರಕ್ಕಿದೆ, ಬಗ್ಗೋದೇ ಬೇಡ, ಹಿಂದಿನ ಸೀಟು 135 ಡಿಗ್ರಿವರೆಗೂ ಒರಗತ್ತೆ, ಸಿಲ್ಕ್ ಬೋರ್ಡ್ ದಾಟೋ ಹೊತ್ತಿಗೆ ನಿದ್ದೆ ಹೋಗಿರ್ತಾರೆ. ಎಸಿ ಕಮ್ಮಿ ಜಾಸ್ತಿ ಮಾಡೋಕೆ ಬಟನ್ ಇಲ್ಲ, ಎಲ್ಲಾ ಆ 15.6 ಇಂಚಿನ ಸ್ಕ್ರೀನಲ್ಲೇ, ಅದು ನಂಗೆ ಸರಿ ಕಾಣಲ್ಲ. 38 ಯೂನಿಟ್ ಬ್ಯಾಟರಿ ಒಂದ್ಸಲ ಫುಲ್ ಚಾರ್ಜ್ ಮಾಡಿದ್ರೆ ಕಂಪನಿ ಹೇಳೋದು 330 ಕಿಮೀ ಆಸುಪಾಸು, ನಿಜವಾಗಿ 250 ಅಂತ ಇಟ್ಕೊಳ್ಳಿ. ಮೈಸೂರಿಗೆ ಒಂದೇ ದಿನ ಹೋಗಿ ಬರ್ಬೇಕಂದ್ರೆ ನಡುವೆ ಒಂದ್ಸಲ ಚಾರ್ಜ್ ಮಾಡ್ಲೇಬೇಕು. ಮೈಸೂರು ರೋಡಲ್ಲಿ ಒಂದು ಕಡೆ ಆ್ಯಪಲ್ಲಿ ಚಾರ್ಜರ್ ಖಾಲಿ ಇದೆ ಅಂತ ತೋರಿಸ್ತು, ಹೋಗಿ ನೋಡಿದ್ರೆ ಕಾರಿಗೆ ಸಿಗಿಸೋ ಚಾರ್ಜಿಂಗ್ ಗನ್ನಿನ ಲಾಕೇ ಕೂರ್ತಿರ್ಲಿಲ್ಲ, ಮುಂದಿನ ಸ್ಟೇಷನ್‌ಗೆ ಹೋಗ್ಬೇಕಾಯ್ತು. ಹಾಗಾಗಿ ಬ್ಯಾಟರಿ 30 ಪರ್ಸೆಂಟ್ ಇರುವಾಗ್ಲೇ ಚಾರ್ಜರ್ ಹುಡುಕಿ.

ಪ್ಲಗ್-ಇನ್ ಹೈಬ್ರಿಡ್, ಅಂದ್ರೆ ಪೆಟ್ರೋಲಲ್ಲೂ ಓಡೋ, ಪ್ಲಗ್ ಹಾಕಿ ಚಾರ್ಜೂ ಮಾಡ್ಬಹುದಾದ ಕಾರು ಇಲ್ವಾ ಅಂತ ಕೇಳ್ತಾರೆ. ಈ ಬಜೆಟ್ಟಲ್ಲಿ ಇಲ್ಲ. ಟೊಯೋಟಾ ಇನ್ನೋವಾ ಹೈಕ್ರಾಸ್, ಮಾರುತಿ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ ಪ್ಲಗ್ ಹಾಕೋ ಹಾಗಿಲ್ಲ, ಪೆಟ್ರೋಲ್ ಹಾಕಿಸ್ಲೇಬೇಕು.

ಇನ್ನೊಂದು ವಿಷ್ಯ, ಗೃಹಜ್ಯೋತಿ ಇರೋ ಮನೆಯವ್ರು ಗಮನಿಸಿ. 700 ಕಿಮೀಗೆ 100 ಯೂನಿಟ್ ಬೇಕು, ಮನೆ ಮೀಟರಿಂದಾನೇ ಚಾರ್ಜ್ ಮಾಡಿ 200 ದಾಟಿದ್ರೆ ಆ ತಿಂಗಳು ಪೂರ್ತಿ ಬಿಲ್ ಕಟ್ಬೇಕಾಗತ್ತೆ. ಅಪಾರ್ಟ್‌ಮೆಂಟಲ್ಲಿ ಇರೋರು ಅಸೋಸಿಯೇಷನ್ನಿಂದ ಚಾರ್ಜರ್‌ಗೆ ಒಪ್ಪಿಗೆ ಬರಹದಲ್ಲಿ ಕೈಗೆ ಬಂದ್ಮೇಲೇನೇ ಬುಕಿಂಗ್ ದುಡ್ಡು ಕಟ್ಟಿ.