ಸೋಪಿನ ನೀರನ್ನು ಗಿಡಕ್ಕೆ ಬಿಡುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ಮನೆ ಕೋಲಾರದಲ್ಲಿ. ಬೋರ್‌ವೆಲ್ ಕೈಕೊಟ್ಟಾಗೆಲ್ಲ ಟ್ಯಾಂಕರ್ ನೀರೇ ಗತಿ. ದುಡ್ಡು ಕೊಟ್ಟ ನೀರು ಚರಂಡಿ ಸೇರುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ, ನಮ್ಮ ಮನೆ ನೀರು ನಮ್ಮ ಗಿಡಕ್ಕೆ ಆಗಲ್ವಾ ಅಂದುಕೊಂಡೆ.

ಫಿಲ್ಟರ್ ಮಾಡಿಕೊಡುವವರೊಬ್ಬರು ಬಂದು ಮೂರು ಡ್ರಮ್ಮು ಇಟ್ಟರು. ಒಂದರಲ್ಲಿ ಜಲ್ಲಿ, ಒಂದರಲ್ಲಿ ಮರಳು, ಇನ್ನೊಂದರಲ್ಲಿ ಇದ್ದಿಲು. "ಕುಡಿಯೋದೊಂದು ಬಿಟ್ಟು ಏನಾದ್ರೂ ಮಾಡ್ಕೊಳ್ಳಿ ಸಾರ್" ಅಂದರು. ವಾಷಿಂಗ್ ಮಷಿನ್, ಬಚ್ಚಲು, ಸಿಂಕು, ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಹಾಕುವ ನೀರು, ಎಲ್ಲವನ್ನೂ ಅದಕ್ಕೇ ಬಿಟ್ಟೆ. ಲೋಟದಲ್ಲಿ ಹಿಡಿದು ನೋಡಿದರೆ ನೀರು ತಿಳಿಯಾಗಿತ್ತು. ಮೋಸಹೋಗಿದ್ದು ಅಲ್ಲೇ.

ಮೊದಲು ಬಂದಿದ್ದು ವಾಸನೆ. ತೊಟ್ಟಿಯಲ್ಲಿ ಮೂರು ದಿನ ನಿಂತ ನೀರು ಕೊಳೆತ ಮೊಟ್ಟೆಯ ಹಾಗೆ ನಾರಿತು, ಜೊತೆಗೆ ಸೊಳ್ಳೆ. ಜಲ್ಲಿ ಎತ್ತಿದರೆ ಬೆರಳಿಗೆಲ್ಲ ಸಿಂಕಿನ ಎಣ್ಣೆ ಜಿಡ್ಡು.

ಎರಡು ತಿಂಗಳಿಗೆ ಕರಿಬೇವಿನ ಎಲೆ ಅಂಚು ಸುಟ್ಟ ಹಾಗಾಯಿತು. ನಿಂಬೆ ಎಲೆ ಉದುರಿಸಿತು. ಪಾತಿಯ ಮೇಲೆ ಬಿಳಿ ಪೊರೆ. ನೀರು ಹಾಕಿದರೆ ಇಂಗದೆ ಸುಮ್ನೆ ನಿಲ್ಲುತ್ತಿತ್ತು, ಸಿಮೆಂಟ್ ನೆಲದ ಹಾಗೆ.

ಆಮೇಲೆ ಗೊತ್ತಾಯಿತು. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ. ನೀರಲ್ಲಿ ಕರಗಿದ ಉಪ್ಪನ್ನು ಜಲ್ಲಿಯೂ ಹಿಡಿಯಲ್ಲ, ಮರಳೂ ಹಿಡಿಯಲ್ಲ. ಅದು ಮಣ್ಣಿನ ಹೆಂಟೆ ಬಿಡಿಸಿ, ನೀರು ಇಳಿಯುವ ಸಂದುಗಳನ್ನೇ ಮುಚ್ಚುತ್ತದೆ. ನಮ್ಮ ಗಡಸು ನೀರಲ್ಲಿ ನೊರೆ ಬರಲ್ಲ ಅಂತ ನಾವು ಪುಡಿ ಬೇರೆ ಜಾಸ್ತಿ ಹಾಕುತ್ತೇವೆ! ಆರ್‌ಒ ನೀರಂತೂ ಉಪ್ಪನ್ನೆಲ್ಲ ಒಟ್ಟುಮಾಡಿ ಹೊರಗೆ ಕಳಿಸಿದ್ದು. ಅದನ್ನೂ ಗಿಡಕ್ಕೆ ಕುಡಿಸಿದ್ದೆ.

"ನಮ್ ಕಾಲ್ದಾಗೆ ಬಚ್ಚಲ ನೀರಿಗೇ ಬಾಳೆ, ಕೆಸು ಬೆಳೀತಿರಲಿಲ್ವೇನಪ್ಪಾ?" ಅಂದರು ಎದುರು ಮನೆ ಅಜ್ಜಿ. ನಿಜ. ಆದರೆ ಆಗ ತಲೆಗೆ ಸೀಗೆಕಾಯಿ, ಮೈಗೆ ಕಡ್ಲೆಹಿಟ್ಟು. ನೀರು ತೊಟ್ಟಿಯಲ್ಲಿ ಕೂರದೆ ನೇರ ಹಿತ್ತಲಿಗೆ ಹರಿಯುತ್ತಿತ್ತು.

ಈಗ ಸ್ನಾನದ ನೀರು, ಬಟ್ಟೆ ಕೊನೆಗೆ ಜಾಲಿಸಿದ ನೀರು, ಇವೆರಡೇ ಬಾಳೆ ಬುಡಕ್ಕೆ. ಅವತ್ತಿನದು ಅವತ್ತೇ ಖಾಲಿ. ಸಿಂಕಿನದು, ಪುಡಿ ನೀರು ಚರಂಡಿಗೆ. ಆರ್‌ಒದ್ದು ಕಕ್ಕಸು ತೊಳೆಯಲು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಇವ್ಯಾವೂ ಬೇಡ.

ಒಂದು ಒಳ್ಳೆ ಮಳೆಗಾಲ ಕಳೆದ ಮೇಲೆ ಕರಿಬೇವು ಚಿಗುರಿದೆ. ನಿಂಬೆ ಹೋಯಿತು. ಮೂರು ಡ್ರಮ್ಮು ಹಾಗೇ ಇವೆ, ಬೇಕಿದ್ದವರು ತಗೊಂಡು ಹೋಗಬಹುದು. ಜಿಡ್ಡು ಮಾತ್ರ ನೀವೇ ಉಜ್ಜಿಕೊಳ್ಳಬೇಕು.