ಆನ್‌ಲೈನಲ್ಲಿ ಮೆಣಸಿನ ಬೀಜ ತರಿಸೋರು ದಯವಿಟ್ಟು ಓದಿ

"ಮಿಕ್ಸ್ ಮೆಣಸಿನಕಾಯಿ, ಮನೆ ಬಳಕೆಗೆ" ಅಂತ ಬರೆದಿರೋ ಬೀಜದ ಪ್ಯಾಕೆಟ್ ಸಿಗುತ್ತಲ್ಲ, ತರಿಸೋ ಮುಂಚೆ ತಳಿ ಯಾವ್ದು ಅಂತ ಕೇಳಿ, ಹೇಳ್ಲಿಲ್ಲ ಅಂದ್ರೆ ಬಿಟ್ಬಿಡಿ. ನಮಗೆ ಬಂದ ಪ್ಯಾಕೆಟ್ ಮೇಲೆ ಮಾಮೂಲಿ ಹಸಿರು ಕಾಯಿ ಫೋಟೋ ಇತ್ತು, ಖಾರದ ಬಗ್ಗೆ ಒಂದಕ್ಷರ ಇಲ್ಲ. ಕುಂಡದಲ್ಲಿ ಬೆಳೆದಿದ್ದು ಭೂತ್ ಜೊಲೋಕಿಯಾ! ಅಸ್ಸಾಂ, ನಾಗಾಲ್ಯಾಂಡ್ ಕಡೆಯ ಕಾಯಿ, 2007ರಲ್ಲಿ ಜಗತ್ತಲ್ಲೇ ಅತಿ ಖಾರ ಅಂತ ಗಿನ್ನೆಸ್ ದಾಖಲೆ ಸೇರಿದ್ದು. ಖಾರ ಅಳೆಯೋ ಸ್ಕೋವಿಲ್ ಲೆಕ್ಕದಲ್ಲಿ 10 ಲಕ್ಷ ದಾಟುತ್ತೆ, ನಾವು ಉರಿ ಉರಿ ಅನ್ನೋ ಜೀರಿಗೆ ಮೆಣಸು 1 ಲಕ್ಷದ ಆಸುಪಾಸು ಅಷ್ಟೆ.

ಅಮ್ಮ ಬೆಳಗ್ಗೆ ಅವಲಕ್ಕಿ ಒಗ್ಗರಣೆಗೆ ಅಂತ ತಾರಸಿಯಿಂದ ಕಾಯಿ ಕಿತ್ಕೊಂಡು ಬಂದು ಹೆಚ್ಚಿ ಎಣ್ಣೆಗೆ ಹಾಕಿದ್ರು, ಘಾಟು ಎದ್ದು ಹಾಲಲ್ಲಿ ಪೇಪರ್ ಓದ್ತಿದ್ದ ಅಪ್ಪನಿಗೆ ಉಸಿರು ಕಟ್ಟೋ ಹಾಗಾಯ್ತು, ಅವರಿಗೆ ಮೊದಲೇ ಆಸ್ತಮಾ, ಇನ್ಹೇಲರ್ ಕೊಟ್ಟು ಹೊರಗೆ ಕೂರಿಸೋ ಅಷ್ಟರಲ್ಲಿ ಮಗಳು ಕೆಮ್ತಾ ಬಂದ್ಲು. ಅಮ್ಮ ಸೋಪ್ ಹಾಕಿ ಕೈ ತೊಳ್ಕೊಂಡೇ ಅವಳ ಮುಖ ಒರೆಸಿದ್ದು. ಕಣ್ಣಿಗೆ ತಾಗಿ ಮಗು ಕಿರುಚಿದ್ದು ನೆನೆಸಿಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ. ನಲ್ಲಿ ಕೆಳಗೆ ಹಿಡಿದು ತೊಳೆದೂ ತೊಳೆದೂ ಆಸ್ಪತ್ರೆಗೆ ಓಡಿದ್ವಿ. ಪುಣ್ಯಕ್ಕೆ ಕಣ್ಣಿಗೆ ಏನೂ ಆಗಿಲ್ಲ. ಅಮ್ಮನ ಬೆರಳು ಮಾತ್ರ ರಾತ್ರಿಯಿಡೀ ಉರೀತಾ ಇತ್ತು, "ನನ್ನ ಕೈಯಿಂದಲೇ ಮಗುಗೆ ಹಿಂಗಾಯ್ತಲ್ಲೋ" ಅಂತ ಅತ್ರು. ಅವರದ್ದೇನು ತಪ್ಪು? ಇಷ್ಟು ವರ್ಷ ಮೆಣಸಿನಕಾಯಿ ಹೆಚ್ಚಿರೋ ಕೈ ಅದು.

ಆ ಅವಲಕ್ಕಿನ ಯಾರೂ ಬಾಯಿಗೂ ಇಟ್ಟಿರ್ಲಿಲ್ಲ. ಅದಕ್ಕೇ ಹೇಳ್ತಿರೋದು, ಇಂಥ ಕಾಯಿಯ ಅಪಾಯ ತಿನ್ನೋದ್ರಲ್ಲಿ ಮಾತ್ರ ಇಲ್ಲ, ಕೈಯಲ್ಲಿ, ಹೊಗೆಯಲ್ಲಿ, ಮಿಕ್ಸಿ ಮುಚ್ಚಳ ತೆಗೆಯೋ ಹೊತ್ತಲ್ಲಿ ಇದೆ. ಖಾರದ ಅಂಶ ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ಎಣ್ಣೆಲಿ ಕರಗುತ್ತೆ. ಹಾಗಾಗಿ ಕೈಗೆ ಮೊದಲು ಅಡುಗೆ ಎಣ್ಣೆ ಚೆನ್ನಾಗಿ ಉಜ್ಜಿ ಒರೆಸಿ, ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೀರಿ, ಉಗುರಿನ ಸಂದಿ ಬಿಡ್ಬೇಡಿ. ಬಾಯಿ ಉರಿಗೆ ಹಾಲು, ಮೊಸರು ಸರಿ, ಆದ್ರೆ ಕಣ್ಣಿಗೆ ಹಾಲೂ ಬೇಡ ಎಣ್ಣೆಯೂ ಬೇಡ, ಬರೀ ಶುದ್ಧ ನೀರು, ತುಂಬಾ ಹೊತ್ತು. ಬೀಜ ತೆಗೆದ್ರೆ ಖಾರ ಹೋಗುತ್ತೆ ಅಂತಾರೆ, ಆದ್ರೆ ಖಾರ ಹುಟ್ಟೋದು ಬೀಜ ಅಂಟ್ಕೊಂಡಿರೋ ಬಿಳಿ ತಿರುಳಲ್ಲಿ.

ಈಗಾಗ್ಲೇ ಹೆಸರು ಗೊತ್ತಿಲ್ಲದ ಗಿಡ ಇದ್ರೆ ನೋಡಿ: ಎಲೆ ಅಗಲ, ಸುಕ್ಕು ಸುಕ್ಕು, ಒಂದೇ ಗೆಣ್ಣಲ್ಲಿ ಎರಡು ಮೂರು ಹೂವು, ತೊಟ್ಟು ಕಾಯಿಗೆ ಸೇರೋ ಕಡೆ ದಾರ ಬಿಗಿದ ಹಾಗೆ ಗೆರೆ, ಕಾಯಿ ಸಿಪ್ಪೆ ಉಬ್ಬು ತಗ್ಗು, ಹಣ್ಣಿನ ಥರ ವಾಸನೆ. ಇಷ್ಟಿದ್ರೆ ಗ್ಲೌಸ್ ಇಲ್ದೆ ಮುಟ್ಬೇಡಿ.

ಮಾರಿದವರಿಗೆ ಮೆಸೇಜ್ ಮಾಡಿದ್ರೆ ದುಡ್ಡು ವಾಪಸ್ ಕೊಡ್ತೀವಿ ರಿವ್ಯೂ ತೆಗೀರಿ ಅಂದ್ರು, ತೆಗೆದಿಲ್ಲ. ಪಕ್ಕದಲ್ಲಿದ್ದ ಬೇರೆ ಮೆಣಸಿನ ಗಿಡದ ಬೀಜನೂ ಎತ್ತಿಡ್ಲಿಲ್ಲ, ಜೇನುಹುಳ ಪರಾಗ ಬೆರೆಸಿದ್ರೆ ಈ ಸಲದ ಕಾಯಿ ಖಾರ ಬದಲಾಗಲ್ಲ, ಅದರ ಬೀಜದಿಂದ ಬರೋ ಗಿಡ ಹೆಂಗಿರುತ್ತೋ ಹೇಳೋಕಾಗಲ್ಲ. ಇದೇ ಪ್ಯಾಕೆಟ್ಟಿನ ಸಸಿ ಎದುರುಮನೆ ಆಂಟಿಗೂ ಕೊಟ್ಟಿದ್ವಿ, ಅವತ್ತು ಸಂಜೆನೇ ಹೋಗಿ ಹೇಳಿ ಕಿತ್ಕೊಂಡು ಬಂದ್ವಿ.