‘ಗ್ಯಾಸ್ ಖಾಲಿ ಸಾರ್’ ಎಂಬ ಮಾತಿಗೆ ನಾನು ತೆತ್ತ 3,200 ರೂಪಾಯಿ

ಬೆಂಗಳೂರಿನಲ್ಲಿ ಬೇಸಿಗೆ ಬಂತೆಂದರೆ ಎಸಿ ರಿಪೇರಿಯವರ ಬಾಯಿಂದ ಮೊದಲು ಬರುವ ಮಾತೇ ‘ಗ್ಯಾಸ್ ಖಾಲಿ’. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸಹೋದೆನಲ್ಲ ಎಂಬುದೇ ನನ್ನ ಸಂಕಟ.

ವಿಜಯನಗರದ ನಮ್ಮ ಮನೆಯಲ್ಲಿರುವುದು ಒಂದೂವರೆ ಟನ್ನಿನ, ಇನ್ವರ್ಟರ್ ಅಲ್ಲದ ಸ್ಪ್ಲಿಟ್ ಎಸಿ. ಏಪ್ರಿಲ್‌ನಲ್ಲಿ 600 ರೂಪಾಯಿ ಕೊಟ್ಟು ಸರ್ವಿಸ್ ಮಾಡಿಸಿದೆ. ಮರುದಿನದಿಂದಲೇ, 24 ಡಿಗ್ರಿಗೆ ಇಟ್ಟರೂ ಹೊರಗಿನ ಯೂನಿಟ್ ನಾಲ್ಕೈದು ನಿಮಿಷ ಓಡಿ ನಿಂತುಬಿಡುತ್ತಿತ್ತು, ಕೋಣೆಯ ಸೆಕೆ ಮಾತ್ರ ಇಳಿಯುತ್ತಿರಲಿಲ್ಲ. ಅದೇ ಮನುಷ್ಯನನ್ನು ಮತ್ತೆ ಕರೆಸಿದೆ.

ಆತ ಹೊರಗಿನ ಯೂನಿಟ್ಟಿಗೆ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ, ನನ್ನನ್ನು ಬಾಲ್ಕನಿಗೆ ಕರೆದು, ಎಸಿ ಆನ್ ಮಾಡಿಸಿದ. ಮುಳ್ಳು ಸರ್ರನೆ ಇಳಿಯಿತು. ‘ನೋಡಿದ್ರಾ ಸಾರ್, ಹೆಂಗೆ ಬೀಳ್ತಾ ಐತೆ? ಗ್ಯಾಸೇ ಇಲ್ಲ.’ ಹೊರಗಿನ ಯೂನಿಟ್ಟಿನ ಕಂಪ್ರೆಸರ್ ಶುರುವಾದೊಡನೆ ಗೇಜ್ ಸಿಕ್ಕಿಸಿದ ಕಡೆಯ ಒತ್ತಡ ಸರಿಯಿರುವ ಎಸಿಯಲ್ಲೂ ಇಳಿಯುತ್ತದೆ ಎಂದು ಯಾರು ಹೇಳಬೇಕಿತ್ತು ನನಗೆ? ಮೂವತ್ತು ವರ್ಷ ಲೆಕ್ಕಪತ್ರ ತಿದ್ದಿದ ನಾನು, ಒಂದು ಮುಳ್ಳನ್ನು ನೋಡಿ ತಲೆಯಾಡಿಸಿದೆ. ಆತ ಗ್ಯಾಸ್ ತುಂಬುವಾಗ ಸಿಲಿಂಡರನ್ನು ತೂಕಕ್ಕಿಡಲಿಲ್ಲ, ಸೋರಿಕೆ ಹುಡುಕಲಿಲ್ಲ. ಹತ್ತು ನಿಮಿಷದಲ್ಲಿ 3,200 ರೂಪಾಯಿ ಹೋಯಿತು. ರಾತ್ರಿಯೂ ತಂಪಾಗದಿದ್ದಾಗ ಫೋನ್ ಮಾಡಿದರೆ, ‘ಗ್ಯಾಸ್ ಸೆಟ್ ಆಗಕ್ಕೆ ಎರಡು ದಿನ ಬೇಕು ಸಾರ್’ ಎಂದ. ಅದನ್ನೂ ನಂಬಿದೆ. ಎರಡು ದಿನ ಕಾದೆ!

ಮೂರನೆಯ ದಿನ ಊಟಕ್ಕೆ ಬಂದಿದ್ದ ಅಕ್ಕನ ಮಗ ಒಳಗಿನ ಯೂನಿಟ್ಟಿನ ಮುಚ್ಚಳ ತೆಗೆದು ಟಾರ್ಚ್ ಹಿಡಿದ. ಕೋಣೆಯ ಉಷ್ಣತೆ ಅಳೆಯುವ ಸೆನ್ಸರ್, ಅಕ್ಕಿಕಾಳಿಗಿಂತ ತುಸು ದೊಡ್ಡದು, ತನ್ನ ಕ್ಲಿಪ್ಪಿನಿಂದ ಕಳಚಿ ತಣ್ಣನೆಯ ಕಾಯಿಲ್‌ಗೆ ಒರಗಿತ್ತು. ‘ಮಾವ, ರೂಮೇ ತಣ್ಣಗಾಯ್ತು ಅಂದ್ಕೊಂಡು ಕಂಪ್ರೆಸರ್ ಆಫ್ ಮಾಡ್ತಿದೆ ಇದು. ಗ್ಯಾಸ್ ಕಮ್ಮಿ ಇದ್ದಿದ್ರೆ ನಿಲ್ಲದೆ ಓಡ್ತಾನೇ ಇರೋದು’ ಎಂದು ಅದನ್ನು ಕ್ಲಿಪ್ಪಿಗೆ ಸಿಕ್ಕಿಸಿದ. ಅರ್ಧ ಗಂಟೆಯಲ್ಲಿ ಕೋಣೆ ತಂಪಾಯಿತು. ಸರ್ವಿಸಿಗೆ ಮುಂಚೆ ಇಲ್ಲದ ತೊಂದರೆ ಇದು. ಕಳಚಿದ ಕೈ ಯಾವುದೆಂದು ಬೇರೆ ಹೇಳಬೇಕಿಲ್ಲ.

ರಿಪೇರಿಯವನ ಬಳಿ ಹಣ ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: ‘ಅದು ಬೇರೆ ಪ್ರಾಬ್ಲಂ ಸಾರ್, ಗ್ಯಾಸ್ ಬೇರೆ. ನೀವೇ ಹೂಂ ಅಂದ್ರಲ್ಲ?’ ಹೌದು, ನಾನೇ ಹೂಂ ಎಂದೆ. ಬಿಲ್ ಕೇಳಿದ ಮೇಲೆ ಫೋನ್ ಎತ್ತುತ್ತಿಲ್ಲ.

ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನಂತೆ ಉರಿದು ಮುಗಿಯುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿರಬೇಕು. ಎಲ್ಲಿ ಎಂದು ತೋರಿಸದವರಿಗೆ ಸಿಲಿಂಡರ್ ತೆರೆಯಲು ಬಿಡಬೇಡಿ. ಎಷ್ಟು ಗ್ರಾಂ ಹಿಡಿಯುತ್ತದೆಂದು ಹೊರಗಿನ ಯೂನಿಟ್ಟಿನ ಚೀಟಿಯಲ್ಲೇ ಬರೆದಿರುತ್ತದೆ, ನಾನಂತೂ ಹಣ ಕೊಟ್ಟ ಮೇಲೆ ಓದಿದೆ.